ಬಾಡಿ ಯಾವುದು ಸರ್?

ಕ್ಯಾಮೆರಾ ಹಿಡಿದ ನಾಲ್ಕು ಜನ ಒಂದು ಕಡೆ ಸೇರಿದರೆ ಫೋಟೋದ ಮಾತು ಬರುವುದಿಲ್ಲ. ಕ್ಯಾಮೆರಾದ ಮಾತು ಬರುತ್ತದೆ. ಹಕ್ಕಿ ಯಾವುದು, ಬೆಳಕು ಹೇಗಿತ್ತು, ಎಷ್ಟು ಹೊತ್ತು ಕಾದಿರಿ, ಇದೆಲ್ಲ ಆಮೇಲೆ. ಮೊದಲ ಪ್ರಶ್ನೆ, "ಬಾಡಿ ಯಾವುದು ಸರ್?" ಬಾಡಿ ಅಂದರೆ ಲೆನ್ಸ್ ಬಿಟ್ಟು ಮಿಕ್ಕ ಕ್ಯಾಮೆರಾ. ಎರಡನೆಯದು, "ಲೆನ್ಸು?" ಇಷ್ಟು ಗೊತ್ತಾದ ಮೇಲೆ ಹೆಸರು, ಊರು ಕೇಳದಿದ್ದರೂ ನಡೆಯುತ್ತದೆ. ಕೆರೆ ದಂಡೆಗಳಲ್ಲಿ ವರ್ಷಗಟ್ಟಲೆ ನೋಡುತ್ತಾ ಬಂದ ಎಷ್ಟೋ ಜನರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಸೋನಿ 200-600 ಲೆನ್ಸಿನವರು, ದಪ್ಪ ಮೀಸೆಯ ಕ್ಯಾನನ್‌ನವರು ಅಂತಲೇ ನೆನಪು. ಅವರ ಮನೆಯಲ್ಲಿ ನನ್ನ ಸುದ್ದಿ ಬಂದರೆ ನಾನೂ ಬಹುಶಃ ಹಳೇ ನಿಕಾನ್‌ನವನೇ.

ದೂರುತ್ತಿದ್ದೇನೆ ಅಂದುಕೊಳ್ಳಬೇಡಿ. ಈ ವಾದ ನನಗೂ ಇಷ್ಟ. ಫೋಟೋ ತೆಗೆಯುವುದು ಒಂದು ಹವ್ಯಾಸ, ಕ್ಯಾಮೆರಾ ಬಗ್ಗೆ ವಾದ ಮಾಡುವುದು ಇನ್ನೊಂದು. ಎರಡೂ ಒಬ್ಬರಲ್ಲೇ ಇರಬೇಕು ಅಂತೇನಿಲ್ಲ. ಎರಡನೆಯದಕ್ಕೆ ಬೆಳಗಿನ ಜಾವ ಏಳಬೇಕಾಗಿಲ್ಲ, ಮಳೆ ಬಂದರೆ ನಿಲ್ಲಿಸಬೇಕಾಗಿಲ್ಲ, ಹಕ್ಕಿ ಹಾರಿಹೋಯಿತು ಅನ್ನುವ ಚಿಂತೆಯಿಲ್ಲ. ಎರಡು ಟೀ ದುಡ್ಡಿನಲ್ಲಿ ಮುಗಿಯುತ್ತದೆ. ಆದರೆ ಮುಗಿಯುವುದು ಟೀ ಮಾತ್ರ.

ಈ ವಾದದಲ್ಲಿ ಸೋತು ಪಕ್ಷ ಬದಲಾಯಿಸಿದವರನ್ನು ನಾನಂತೂ ಕಂಡಿಲ್ಲ. ಕಾರಣ ಮೌಂಟು, ಅಂದರೆ ಬಾಡಿಯಲ್ಲಿ ಲೆನ್ಸ್ ಕೂರುವ ಬಾಯಿ. ನಿಕಾನ್ ಬಾಡಿಗೆ ಕ್ಯಾನನ್ ಲೆನ್ಸ್ ಕೂರುವುದಿಲ್ಲ. ಲೆನ್ಸ್ ತಿರುಗಿಸಿ ಕೂರಿಸುವ ದಿಕ್ಕು ಕೂಡ ಇವರದ್ದು ಒಂದು ಕಡೆಗೆ, ಅವರದ್ದು ಇನ್ನೊಂದು ಕಡೆಗೆ. ಹಾಗಾಗಿ ಮೊದಲ ಒಳ್ಳೆಯ ಲೆನ್ಸ್ ಕೊಂಡ ದಿನ ನೀವು ಆ ಮನೆಯ ಅಳಿಯ ಆದಿರಿ ಅಂತಲೇ ಲೆಕ್ಕ. ಅಲ್ಲಿನ ಸಾರಿಗೆ ಉಪ್ಪು ಕಮ್ಮಿ ಬಿದ್ದರೂ ಹೊರಗಿನವರ ಮುಂದೆ ಹೊಗಳಲೇಬೇಕು. ಇನ್ನು ಆ ಮೊದಲ ಕ್ಯಾಮೆರಾ ಆರಿಸಿದ್ದು ಹೇಗೆ ಅಂತ ಕೇಳಿ ನೋಡಿ. ಆಫೀಸಿನ ಪಕ್ಕದ ಸೀಟಿನವರ ಹತ್ತಿರ ಅದೇ ಇತ್ತು. ಅಮೆರಿಕದಿಂದ ಬಂದ ಭಾವ ಅದನ್ನೇ ತಂದಿದ್ದರು. ಅಂಗಡಿಯವರು ಆವತ್ತು ಬ್ಯಾಗು, ಟ್ರೈಪಾಡು ಫ್ರೀ ಕೊಟ್ಟರು. ಅಷ್ಟೇ. ಕಲರ್ ಸೈನ್ಸ್, ಡೈನಮಿಕ್ ರೇಂಜ್ ಎಂಬ ಕಾರಣಗಳೆಲ್ಲ ಆಮೇಲೆ ಹುಡುಕಿ ಜೋಡಿಸಿಕೊಂಡವು.

2018ರಲ್ಲಿ ನಿಕಾನ್, ಕ್ಯಾನನ್ ಎರಡೂ ಒಳಗೆ ಕನ್ನಡಿಯಿಲ್ಲದ, ಹಳೆಯ ಫಿಲಂ ಚೌಕಟ್ಟಿನಷ್ಟು ದೊಡ್ಡ ಸೆನ್ಸರ್ (ಚಿತ್ರ ಹಿಡಿಯುವ ಚಿಪ್) ಇರುವ ಕ್ಯಾಮೆರಾಗೆ, ಅಂದರೆ ಫುಲ್ ಫ್ರೇಮ್ ಮಿರರ್‌ಲೆಸ್‌ಗೆ ಇಳಿದು ಹೊಸ ಮೌಂಟು ತಂದಾಗ ಈ ಲೋಕದಲ್ಲಿ ಎದ್ದ ಗದ್ದಲ ಕೇಳಬೇಕಿತ್ತು. ನಿಕಾನ್‌ನ ಎಫ್ ಮೌಂಟು 1959ರಿಂದ ಇದ್ದದ್ದು. ಅಪ್ಪನ ಕಾಲದ ಲೆನ್ಸನ್ನು ಮಗನ ಕ್ಯಾಮೆರಾಗೆ ಹಾಕಬಹುದು ಅನ್ನುವುದು ನಿಕಾನ್‌ನವರ ಹಳೆಯ ಜಂಬ. ಈಗ ನಡುವೆ ಒಂದು ಅಡಾಪ್ಟರ್ ಬಂತು. ಸಾಲದ್ದಕ್ಕೆ ಬಾಡಿಯೊಳಗಿನ ಮೋಟಾರ್ ನಂಬಿಕೊಂಡಿದ್ದ ಹಳೆಯ ಲೆನ್ಸ್‌ಗಳು ಅದರಲ್ಲಿ ತಾವಾಗಿ ಫೋಕಸ್ ಮಾಡುವುದಿಲ್ಲ ಅಂತಲೂ ಗೊತ್ತಾಯಿತು. ಅದಕ್ಕಿಂತ ಜೋರಾದ ಜಗಳ ಕಾರ್ಡಿನದು. ನಿಕಾನ್ ಝಡ್7, ಝಡ್6, ಕ್ಯಾನನ್ ಆರ್, ಮೂರರಲ್ಲೂ ಮೆಮೊರಿ ಕಾರ್ಡಿಗೆ ಒಂದೇ ಕಿಂಡಿ. ಮದುವೆ ಫೋಟೋ ತೆಗೆಯುವವರು ಸಿಟ್ಟಾದದ್ದು ನ್ಯಾಯವೇ. ಮುಹೂರ್ತದ ಹೊತ್ತಿಗೆ ಕಾರ್ಡ್ ಕೈಕೊಟ್ಟರೆ ತಾಳಿಯನ್ನು ಇನ್ನೊಂದು ಸಲ ಕಟ್ಟಿಸಲಾಗುತ್ತದೆಯೇ? ಆದರೆ ಅವರಿಗಿಂತ ಜಾಸ್ತಿ ಸಿಟ್ಟಾಗಿದ್ದವರು ಭಾನುವಾರ ಮಾತ್ರ ಲಾಲ್‌ಬಾಗ್‌ಗೆ ಹೋಗಿ ದಾಸವಾಳ ತೆಗೆಯುವ ನಮ್ಮಂಥವರು. 2020ರಲ್ಲಿ ನಿಕಾನ್ ಎರಡು ಕಿಂಡಿಯ ಮಾಡೆಲ್ ತಂದಿತು. ಆಮೇಲೆ ನಮ್ಮವರಲ್ಲಿ ಎಷ್ಟು ಜನ ಎರಡನೆಯ ಕಿಂಡಿಗೆ ಕಾರ್ಡ್ ಹಾಕಿದರು ಅನ್ನುವುದು ಬೇರೆ ಮಾತು.

ಅದೇ ವರ್ಷ ಕ್ಯಾನನ್ ಆರ್5 ಬಂತು. 8ಕೆ ವಿಡಿಯೋ ತೆಗೆದರೆ ಬಿಸಿಯಾಗಿ ನಿಲ್ಲುತ್ತದೆ ಅಂತ ಎಲ್ಲ ಕಡೆ ಅದೇ ಸುದ್ದಿ. ಇದರ ಬಗ್ಗೆ ಅರ್ಧ ಗಂಟೆ ಆವೇಶದಿಂದ ಮಾತಾಡಿದ ಗೆಳೆಯರೊಬ್ಬರನ್ನು, "ನೀವು ವಿಡಿಯೋ ತೆಗೀತೀರಾ?" ಅಂತ ಕೇಳಿದೆ. "ಇಲ್ಲ, ಆದರೂ..." ಅಂದರು. ಈ "ಆದರೂ" ಇಲ್ಲದಿದ್ದರೆ ಕ್ಯಾಮೆರಾ ಕಂಪನಿಗಳು ಬಾಗಿಲು ಹಾಕಬೇಕಾಗುತ್ತದೆ. ಅದೇ ಕ್ಯಾಮೆರಾ ಹಕ್ಕಿಯ ಕಣ್ಣನ್ನು ತಾನೇ ಹುಡುಕಿ ಫೋಕಸ್ ಹಿಡಿಯುತ್ತಿತ್ತು. ಲಂಟಾನ ಪೊದೆಯೊಳಗೆ ಕೂತ ಪುಟ್ಟ ಹಕ್ಕಿಯನ್ನು ಬಿಟ್ಟು ಮುಂದಿನ ಕಡ್ಡಿಗೇ ಫೋಕಸ್ ಆಗಿ ಗೋಳಾಡಿದವರಿಗೆ ಅದು ಎಂಥ ದೊಡ್ಡ ಸಂಗತಿ! ಅದರ ಸುದ್ದಿ ಬಿಸಿಯ ಸುದ್ದಿಯಷ್ಟು ಓಡಲಿಲ್ಲ. ಗುಣಕ್ಕಿಂತ ದೋಷದ ಮೇಲೆ ವಾದ ಚೆನ್ನಾಗಿ ಬೆಳೆಯುತ್ತದೆ.

ಮೆಗಾಪಿಕ್ಸೆಲ್ ವಾದ ಮಾತ್ರ ಸ್ವಲ್ಪ ಹಳತಾಯಿತು. ಒಂದು ಮೆಗಾಪಿಕ್ಸೆಲ್ ಅಂದರೆ ಚಿತ್ರದಲ್ಲಿ ಹತ್ತು ಲಕ್ಷ ಚುಕ್ಕೆ. ಕೊಡಾಕ್‌ನ ಸ್ಟೀವನ್ ಸ್ಯಾಸನ್ 1975ರಲ್ಲಿ ಮಾಡಿದ ಮೊದಲ ಡಿಜಿಟಲ್ ಕ್ಯಾಮೆರಾ ಮೂರೂವರೆ ಕೆಜಿಗೂ ಜಾಸ್ತಿ ಭಾರ ಇತ್ತು. ಒಂದು ಕಪ್ಪು ಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡು ಬೇಕಿತ್ತು. ಚಿತ್ರದಲ್ಲಿದ್ದ ಚುಕ್ಕೆಗಳು ಹತ್ತು ಸಾವಿರ. 1999ರ ನಿಕಾನ್ ಡಿ1ರಲ್ಲಿ 27 ಲಕ್ಷ. 2017ರ ಡಿ850ರಲ್ಲಿ 4 ಕೋಟಿ 57 ಲಕ್ಷ. ನಮ್ಮ ಮನೆಯ 4ಕೆ ಟಿವಿ ತೋರಿಸುವುದೇ 83 ಲಕ್ಷ ಚುಕ್ಕೆ. ಮಿಕ್ಕ ಮೂರು ಮುಕ್ಕಾಲು ಕೋಟಿ ಚುಕ್ಕೆಗಳನ್ನು ಹಾರ್ಡ್ ಡಿಸ್ಕ್‌ನಲ್ಲಿ ಸಾಕಿಕೊಂಡು, ಕೊನೆಗೆ ಫೋಟೋವನ್ನು ವಾಟ್ಸಾಪ್‌ನಲ್ಲಿ ಹಾಕಿ, ಅದು ಹಿಂಡಿ ಹಿಪ್ಪೆ ಮಾಡಿ ಕಳಿಸಿದ ಚಿತ್ರಕ್ಕೆ "ಸೂಪರ್ ಶಾರ್ಪ್ ಸರ್" ಅಂತ ಹೊಗಳಿಸಿಕೊಳ್ಳುವವರು ನಾವು.

ಹಕ್ಕಿ ತೆಗೆಯುವವರು ಇದನ್ನು ಒಪ್ಪುವುದಿಲ್ಲ. ಹಕ್ಕಿ ಯಾವಾಗಲೂ ದೂರ. ಸುತ್ತಲಿನದನ್ನು ಕತ್ತರಿಸಿ ಹಾಕಬೇಕು, ಕತ್ತರಿಸಿದ ಮೇಲೂ ಏನಾದರೂ ಉಳಿದಿರಬೇಕು. ಈ ವಾದದಲ್ಲಿ ಹುರುಳಿದೆ. ನಿಕಾನ್‌ನದೇ ಡಿ500 ಮತ್ತು ಡಿ850 ನಡುವಿನ ಪ್ರಸಿದ್ಧ ಜಗಳ ಹುಟ್ಟಿದ್ದೂ ಇಲ್ಲೇ. ಮೊದಲನೆಯದು ಕ್ರಾಪ್ ಸೆನ್ಸರ್, ಅಂದರೆ ಫುಲ್ ಫ್ರೇಮ್‌ಗಿಂತ ಚಿಕ್ಕದು, 20.9 ಮೆಗಾಪಿಕ್ಸೆಲ್. ಎರಡನೆಯದು ಫುಲ್ ಫ್ರೇಮ್, ಅದನ್ನು ಸೆನ್ಸರಿನ ನಡುಭಾಗ ಮಾತ್ರ ಬಳಸುವ ಕ್ರಾಪ್ ಮೋಡ್‌ಗೆ ಹಾಕಿದರೆ 19ಕ್ಕೂ ಚೂರು ಮೇಲೆ. "ಹಾಗಾದರೆ ಎರಡೂ ಒಂದೇ ಅಲ್ವಾ?" ಅಂತ ಒಬ್ಬರು. "ಒಂದೇ ಆದರೆ ದುಪ್ಪಟ್ಟು ದುಡ್ಡು ಯಾಕೆ ಕೊಟ್ರಿ?" ಅಂತ ಇನ್ನೊಬ್ಬರು. ಡಿ500ನವರು ತಮ್ಮ ಸೆಕೆಂಡಿಗೆ ಹತ್ತು ಫ್ರೇಮಿನ ಸುದ್ದಿ ತೆಗೆಯುತ್ತಾರೆ, ಡಿ850ನವರು ಸಂಜೆ ಬೆಳಕಿನಲ್ಲಿ ಚಿತ್ರದ ಮೇಲೆ ಏಳುವ ಕಾಳುಕಾಳು ಚುಕ್ಕೆ, ಅಂದರೆ ನಾಯ್ಸ್ ಸುದ್ದಿ ತೆಗೆಯುತ್ತಾರೆ. ಅಷ್ಟರಲ್ಲಿ ಟೀ ತಣ್ಣಗಾಗಿರುತ್ತದೆ.

ಆ ನಾಯ್ಸ್ ಕಥೆಯೂ ಈಗ ಮೊದಲಿನಂತಿಲ್ಲ. ಕಬಿನಿಯಲ್ಲಿ ಸಂಜೆ ಆರರ ಹೊತ್ತಿಗೆ ಮರದ ಮೇಲೆ ಚಿರತೆ ಕಂಡರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆಯಾದ ಐಎಸ್‌ಒ 6400ಕ್ಕೆ ಏರಿಸದೆ ದಾರಿಯಿಲ್ಲ. ಏರಿಸಿದರೆ ಚಿರತೆಯ ಮೈಮೇಲೆ ಚುಕ್ಕೆಗಳ ನಡುವೆಯೂ ಚುಕ್ಕೆ. ಯಾವ ಕ್ಯಾಮೆರಾದಲ್ಲಿ ಅದು ಕಮ್ಮಿ ಅನ್ನುವುದೇ ಒಂದು ಕಾಲದಲ್ಲಿ ದೊಡ್ಡ ಶಾಸ್ತ್ರಾರ್ಥ. 2023ರಲ್ಲಿ ಫೋಟೋ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್‌ಗೆ ಈ ನಾಯ್ಸ್ ಅಳಿಸುವ ಎಐ ಡೀನಾಯ್ಸ್ ಬಂತು. ಒಂದು ಬಟನ್ ಒತ್ತಿ ಸ್ವಲ್ಪ ಕಾದರೆ ಹಳೆಯ ಕ್ಯಾಮೆರಾದ ಚಿತ್ರವೂ ತೊಳೆದಿಟ್ಟ ಹಾಗೆ. ಲಕ್ಷಗಟ್ಟಲೆ ಸುರಿದು ಫುಲ್ ಫ್ರೇಮ್‌ಗೆ ಹೋದವರ ಮುಖ ಆವಾಗ ನೋಡಬೇಕಿತ್ತು. "ಅದು ಕೂದಲಿನ ಡೀಟೇಲ್ ತಿಂದುಬಿಡುತ್ತೆ" ಅಂತ ಅವರು ಈಗ ಹೇಳುತ್ತಾರೆ. ಕೆಲವೊಮ್ಮೆ ತಿನ್ನುತ್ತದೆ, ನಿಜ. ಆದರೆ ಅದು ಕಾಣಬೇಕಾದರೆ ಚಿತ್ರವನ್ನು ನೂರಕ್ಕೆ ನೂರು ಹಿಗ್ಗಿಸಿ, ಮೂಗು ಪರದೆಗೆ ತಾಗಿಸಿ ನೋಡಬೇಕು. ನಾವು ಹಾಗೇ ನೋಡುತ್ತೇವೆ ಅನ್ನಿ.

ನನಗೆ ಈ ಎಲ್ಲ ವಾದಗಳಲ್ಲಿ ತುಂಬಾ ರುಚಿಸುವುದು ಸದ್ದಿನದು. ರಂಗನತಿಟ್ಟಿನ ದೋಣಿಯಲ್ಲಿ ಕೂತವರಿಗೆ ಇದು ಗೊತ್ತಿರುತ್ತದೆ. ಹುಟ್ಟು ಹಾಕುವವರು ಒಂದು ಬಂಡೆಯ ಹತ್ತಿರ, ಬಿಸಿಲು ನಮ್ಮ ಬೆನ್ನಿಗೆ ಬೀಳುವ ಹಾಗೆ ದೋಣಿ ತಿರುಗಿಸಿ ನಿಲ್ಲಿಸುತ್ತಾರೆ. ಬಂಡೆಯ ಮೇಲೆ ರೀವ ಹಕ್ಕಿ, ಅದರ ಬಾಯಲ್ಲಿ ಮಿಣಮಿಣ ಮಿಂಚುವ ಮೀನು. ಮೊದಲೆಲ್ಲ ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್‌ಗಳು ಒಟ್ಟಿಗೆ ಟಕಟಕಟಕ ಅಂತ ಶುರುಮಾಡುತ್ತಿದ್ದವು. ಆ ಸದ್ದು ನಿಂತಿತು ಅಂದರೆ ಇವರ ಕೆಲಸ ಮುಗಿಯಿತು ಅಂತ ಅರ್ಥ, ದೋಣಿ ಮುಂದಕ್ಕೆ. ಈಗ ಮಿರರ್‌ಲೆಸ್‌ನವರು ಸದ್ದಿಲ್ಲದೆ ತೆಗೆಯುತ್ತಾರೆ. ಒಂದು ಸಲ ನಮ್ಮ ದೋಣಿಯವರು ಹುಟ್ಟು ಎತ್ತಿ ಹಿಡಿದು ಕಾದರು, ಕಾದರು, ಕೊನೆಗೆ ಮುಂದೆ ಕೂತವರನ್ನು ಕೇಳಿಯೇಬಿಟ್ಟರು: "ತೆಗುದ್ರಾ ಸಾ?" ಅವರು ಇನ್ನೂರು ಫೋಟೋ ಹೊಡೆದು ಕೂತಿದ್ದರು. "ಸದ್ದೇ ಬರ್ನಿಲ್ವಲ್ಲಾ!" ಅಂತ ದೋಣಿಯವರು ನಕ್ಕರು.

ನಿಕಾನ್ 2021ರಲ್ಲಿ ತಂದ ಝಡ್9ರಲ್ಲಂತೂ ಯಾಂತ್ರಿಕ ಶಟರ್ರೇ, ಅಂದರೆ ಬೆಳಕಿಗೆ ತೆರೆದು ಮುಚ್ಚುವ ಪರದೆಯೇ ಇಲ್ಲ. ಎಲ್ಲ ಎಲೆಕ್ಟ್ರಾನಿಕ್. ಹಾಗಾದರೆ ಸದ್ದು? ಸ್ಪೀಕರ್ ಇಟ್ಟಿದ್ದಾರೆ. ಇಲ್ಲದ ಶಟರ್ರಿನ ಸದ್ದನ್ನು ಅದು ನುಡಿಸುತ್ತದೆ. ಬೇಕಾದಷ್ಟು ಜೋರು ಮಾಡಿಕೊಳ್ಳಬಹುದು, ಬೇಡವಾದರೆ ಆಫ್. ಇಷ್ಟೊಂದು ಮುಂದುವರಿದ ಯಂತ್ರ ನಮ್ಮ ಸಮಾಧಾನಕ್ಕೆ ಸುಮ್ನೆ ಟಕ್ ಅನ್ನುತ್ತದಲ್ಲ, ಅದು ನನಗೆ ಬಹಳ ಹಿಡಿಸಿತು.

ಅಂದ ಹಾಗೆ, ರಂಗನತಿಟ್ಟಿನ ಟಿಕೆಟ್ ಕೌಂಟರಿನಲ್ಲಿ ಕ್ಯಾಮೆರಾ ಶುಲ್ಕ ಹಾಕುವುದು ಲೆನ್ಸ್ ನೋಡಿ. ಚಿಕ್ಕ ಲೆನ್ಸಿಗೆ ಒಂದು ದರ, ದೂರದ್ದನ್ನು ಹತ್ತಿರ ತರುವ ಉದ್ದ ಲೆನ್ಸಿಗೆ ಇನ್ನೊಂದು. ಮೆಗಾಪಿಕ್ಸೆಲ್ ಎಷ್ಟು, ಮಿರರ್ ಇದೆಯೋ ಇಲ್ಲವೋ ಅಂತ ಯಾರೂ ಕೇಳುವುದಿಲ್ಲ. ನಾವು ವರ್ಷಗಟ್ಟಲೆ ಗುದ್ದಾಡಿ ಇನ್ನೂ ಒಪ್ಪಿಕೊಳ್ಳದ ಸತ್ಯವನ್ನು ಅರಣ್ಯ ಇಲಾಖೆ ಒಂದು ಬೋರ್ಡಿನಲ್ಲಿ ಬರೆದು ತೂಗುಹಾಕಿದೆ. ಬಾಡಿ ನಾಲ್ಕು ವರ್ಷಕ್ಕೆ ಹಳತಾಗುತ್ತದೆ, ಒಳ್ಳೆಯ ಲೆನ್ಸು ಹತ್ತಾರು ವರ್ಷ ಬಾಳುತ್ತದೆ. ಆದರೂ ಎಲ್ಲರ ಬಾಯಲ್ಲೂ ಬಾಡಿಯದೇ ಮಾತು. ಹೊಸ ಲೆನ್ಸು ಅಷ್ಟು ಬೇಗ ಬೇಗ ಬರುವುದಿಲ್ಲ, ಬಂದರೂ ಬೆಲೆ ಕೇಳಿದ ಮೇಲೆ ಮಾತೇ ಹೊರಡುವುದಿಲ್ಲ.

ಈಚಿನ ಬಿಸಿ ಚರ್ಚೆ ವೇಗದ್ದು. 2023ರ ಕೊನೆಗೆ ಸೋನಿ ಪ್ರಕಟಿಸಿದ ಎ9 ಸರಣಿಯ ಮೂರನೆಯ ಕ್ಯಾಮೆರಾದಲ್ಲಿ ಗ್ಲೋಬಲ್ ಶಟರ್ ಇದೆ. ಬೇರೆಯವುಗಳ ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಪಟಪಟ ಬಡಿಯುವ ಸೂರಕ್ಕಿಯ ರೆಕ್ಕೆ ಒಮ್ಮೊಮ್ಮೆ ಸೊಟ್ಟಗಾಗುತ್ತದೆ. ಇದು ಇಡೀ ಚಿತ್ರವನ್ನು ಒಂದೇ ಏಟಿಗೆ ಓದುತ್ತದೆ, ಸೆಕೆಂಡಿಗೆ 120 ಫ್ರೇಮ್. ಹಳೆಯ ಫಿಲಂ ರೋಲಿನಲ್ಲಿ 36 ಇರುತ್ತಿತ್ತಲ್ಲ, ಆ ಲೆಕ್ಕದಲ್ಲಿ ಒಂದು ರೋಲು ಸೆಕೆಂಡಿನ ಮೂರನೆಯ ಒಂದು ಪಾಲಿಗೂ ಮೊದಲೇ ಖಾಲಿ. ಸಾಲದು ಅಂತ ಪ್ರೀ ಕ್ಯಾಪ್ಚರ್ ಬೇರೆ. ಬಟನ್ ಪೂರ್ತಿ ಒತ್ತುವುದಕ್ಕೆ ಮುಂಚಿನ ಚಿತ್ರಗಳನ್ನೂ ಅದು ಹಿಡಿದಿಟ್ಟಿರುತ್ತದೆ. ಮಿಂಚುಳ್ಳಿ ಕೊಂಬೆ ಬಿಟ್ಟು ಹಾರಿದ್ದು ನೋಡಿ, ಅಯ್ಯೋ ಅಂದುಕೊಂಡು, ಆಮೇಲೆ ಒತ್ತಿದರೂ ಹಾರಿದ ಗಳಿಗೆ ಸಿಕ್ಕಿರುತ್ತದೆ.

ಇದು ಮೋಸ ಅಲ್ವಾ ಅಂತ ಹಿರಿಯರ ವಾದ. ನನಗೆ ಹಾಗನ್ನಿಸುವುದಿಲ್ಲ. ಆಟೋಫೋಕಸ್ ಬಂದಾಗಲೂ ಹೀಗೇ ಅಂದಿದ್ದರು. ಆದರೆ ಒಂದು ಬೆಳಗಿನಲ್ಲಿ ಎಂಟು ಸಾವಿರ ಫೋಟೋ ತಂದು, ಅದರಲ್ಲಿ ಮೂರು ಒಳ್ಳೆಯದನ್ನು ಆರಿಸಲು ಮೂರು ರಾತ್ರಿ ಕೂರುವವರನ್ನು ಕಂಡರೆ ಪಾಪ ಅನ್ನಿಸುತ್ತದೆ. ನಮ್ಮ ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಅವರೆಲ್ಲ ಫಿಲಂ ಕಾಲದಲ್ಲಿ ಕಾಡಿನ ಚಿತ್ರ ತೆಗೆದು ಹೆಸರಾದವರು. ರೋಲು ತೊಳೆಸುವ ತನಕ ಏನು ಬಂದಿದೆ ಅಂತಲೇ ಆಗ ಗೊತ್ತಾಗುತ್ತಿರಲಿಲ್ಲ. ಈ ಹೆಸರುಗಳು ಬಂದ ಕೂಡಲೇ ಗುಂಪಿನಲ್ಲಿ ಒಬ್ಬರು ಗಂಭೀರವಾಗಿ, "ಕ್ಯಾಮೆರಾ ಮುಖ್ಯ ಅಲ್ಲ ಸರ್, ಅದರ ಹಿಂದೆ ಇರೋರು ಮುಖ್ಯ" ಅನ್ನುತ್ತಾರೆ. ಹೇಳಿದವರ ಹೆಗಲ ಮೇಲೆ ನೋಡಿ. ಅಲ್ಲಿದ್ದವರ ಪೈಕಿ ತೀರಾ ದುಬಾರಿ ಕ್ಯಾಮೆರಾ ಅಲ್ಲೇ ನೇತಾಡುತ್ತಿರುತ್ತದೆ. ಹಳೆಯ ಡಿಎಸ್‌ಎಲ್‌ಆರ್ ಹಿಡಿದು ಬಂದ ಕಾಲೇಜು ಹುಡುಗನ ಬಾಯಲ್ಲಿ ಈ ಮಾತು ನಾನು ಕೇಳಿಲ್ಲ. ಅವನಿಗೆ ಗೊತ್ತು, ಸ್ವಲ್ಪವಾದರೂ ಮುಖ್ಯ ಅಂತ.

ಅಂಥ ಹುಡುಗರು ಕೇಳಿದರೆ ನಾನು ಹೇಳುವುದು ಒಂದೇ. ಎಲ್ಲರೂ ಮಿರರ್‌ಲೆಸ್‌ಗೆ ಓಡುತ್ತಿರುವಾಗ ಒಳ್ಳೊಳ್ಳೆಯ ಡಿಎಸ್‌ಎಲ್‌ಆರ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಬಿದ್ದಿವೆ. ಶಟರ್ ಕೌಂಟ್, ಅಂದರೆ ಈವರೆಗೆ ಎಷ್ಟು ಫೋಟೋ ತೆಗೆದಿದೆ ಅಂತ ಕೇಳಿ, ಲೆನ್ಸಿಗೆ ಟಾರ್ಚ್ ಹಾಕಿ ಒಳಗೆ ಫಂಗಸ್ ಇದೆಯಾ ನೋಡಿ, ಕೊಂಡುಕೊಳ್ಳಿ. ಬ್ಯಾಟರಿಯೂ ದಿನವಿಡೀ ಬರುತ್ತದೆ. ಕಂಪನಿಯ ಲೆಕ್ಕದಲ್ಲೇ ಡಿ850 ಒಂದು ಚಾರ್ಜಿಗೆ 1840 ಫೋಟೋ ಕೊಟ್ಟರೆ ಅದರ ಮಿರರ್‌ಲೆಸ್ ತಮ್ಮ ಝಡ್8 ಮುನ್ನೂರ ಚಿಲ್ಲರೆ. ನಿಜವಾಗಿ ಎರಡೂ ಅದಕ್ಕಿಂತ ಜಾಸ್ತಿಯೇ ಬರುತ್ತವೆ, ಆದರೂ ಝಡ್8ನವರ ಜೇಬಲ್ಲಿ ಎರಡು ಬ್ಯಾಟರಿ ಇದ್ದೇ ಇರುತ್ತವೆ.

ಈಚೆಗೆ ಹೀಗೇ ಒಬ್ಬರು ಹೊಸಬರು ಬಂದಿದ್ದರು, ಬ್ಯಾಂಕಿನಲ್ಲಿ ಕೆಲಸ, ಈಗಷ್ಟೇ ಹಕ್ಕಿ ಹುಚ್ಚು ಹತ್ತಿದೆ. ಯಾವ ಕ್ಯಾಮೆರಾ ತಗೊಳ್ಳಲಿ ಅಂತ ಕೇಳಿದ್ದೇ ತಪ್ಪಾಯಿತು. ಅಲ್ಲಿದ್ದವರೆಲ್ಲ ತಂತಮ್ಮ ಮನೆ ಕಡೆಗೆ ಎಳೆದರು. ಪಾಪ, ಒಂದು ಚೀಟಿಯಲ್ಲಿ ಎಲ್ಲ ಬರೆದುಕೊಂಡರು, ಚೀಟಿ ತುಂಬಿತು, ಹಿಂಬದಿಗೆ ತಿರುಗಿಸಿ ಬರೆದುಕೊಂಡರು. ಮುಂದಿನ ತಿಂಗಳು ಕ್ಯಾನನ್ ಹಿಡಿದು ಬಂದರು. ನಾವು ಯಾರೂ ಹೇಳದಿದ್ದ ಮಾಡೆಲ್ಲು. ಅಂಗಡಿಯಲ್ಲಿ ಇಎಂಐಗೆ ಬಡ್ಡಿ ಇರಲಿಲ್ಲವಂತೆ. ಟೀ ಬರುವಷ್ಟರಲ್ಲಿ ಅವರು ನನ್ನ ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡು, ಒಮ್ಮೆ ತಿರುಗಿಸಿ ನೋಡಿ, ತುಂಬಾ ಮರ್ಯಾದೆಯಿಂದ, "ನಿಕಾನ್‌ನಲ್ಲಿ ಸ್ಕಿನ್ ಟೋನ್ ಅಷ್ಟು ಚೆನ್ನಾಗಿ ಬರಲ್ಲ ಅಂತಾರಲ್ಲ ಸರ್?" ಅಂದರು.

ಕೊಕ್ಕರೆಗೆ ಯಾವ ಸ್ಕಿನ್ ಟೋನ್ ಮಾರಾಯರೇ ಅಂತ ನಾನೂ ಶುರುಮಾಡಿದೆ.