ಹೇಳದೆ ಹೇಳುವ ‘ಇಲ್ಲ’

ಆರೋಗ್ಯಕ್ಕೆ ಇಟ್ಟ ದುಡ್ಡು ಸಾಲದು ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತೇನೆ. ಸರಿ, ಇರುವ ದುಡ್ಡಿನಲ್ಲಿ ಯಾವುದನ್ನು ಬಿಡೋಣ ಅಂತ ಕೇಳಿ ನೋಡಿ, ಎಲ್ಲರೂ ಗಪ್‌ಚಿಪ್.

1987ರಲ್ಲಿ ಅಮೆರಿಕದ ಒರೆಗಾನ್ ರಾಜ್ಯ ಬಡವರ ಆರೋಗ್ಯ ಯೋಜನೆಯಲ್ಲಿ ಅಂಗಾಂಗ ಕಸಿಗೆ ದುಡ್ಡು ಕೊಡುವುದನ್ನು ನಿಲ್ಲಿಸಿತು. ಅದೇ ದುಡ್ಡಿನಲ್ಲಿ ತುಂಬಾ ಬಸುರಿಯರನ್ನು, ಮಕ್ಕಳನ್ನು ನೋಡಿಕೊಳ್ಳಬಹುದು ಅನ್ನುವುದು ಲೆಕ್ಕ. ಲೆಕ್ಕ ತಪ್ಪೇನಲ್ಲ. ಆದರೆ ರಕ್ತದ ಕ್ಯಾನ್ಸರ್ ಇದ್ದ 7 ವರ್ಷದ ಹುಡುಗನೊಬ್ಬನಿಗೆ ಕಸಿ ಬೇಕಾಯಿತು, ಸರ್ಕಾರ ಆಗಲ್ಲ ಅಂದಿತು, ಮನೆಯವರು ಚಂದಾ ಎತ್ತಿದರು, ಇನ್ನೂ ಸ್ವಲ್ಪ ದುಡ್ಡು ಸೇರಬೇಕು ಅನ್ನುವಾಗಲೇ ಮಗು ಹೋಯಿತು. ಅವನು ಯಾರು ಅಂತ ಇಡೀ ದೇಶಕ್ಕೆ ಗೊತ್ತಾಯಿತು. ಬಸುರಿನಲ್ಲಿ ತಪಾಸಣೆ ಸಿಕ್ಕಿ ಉಳಿಯುವ ಕೂಸು ಯಾರು ಅಂತ ಅದರ ತಾಯಿಗೂ ಗೊತ್ತಾಗುವುದಿಲ್ಲ.

ಆಮೇಲೆ ಒರೆಗಾನ್‌ನವರು ಚಿಕಿತ್ಸೆಗಳನ್ನೆಲ್ಲ ಖರ್ಚು, ಪ್ರಯೋಜನ ನೋಡಿ ಕಂಪ್ಯೂಟರಿನಲ್ಲಿ ಸಾಲಾಗಿ ಜೋಡಿಸಿದರು. 1990ರ ಆ ಮೊದಲ ಪಟ್ಟಿಯಲ್ಲಿ ಹಲ್ಲಿಗೆ ಕ್ಯಾಪ್ ಹಾಕುವುದು ಅಪೆಂಡಿಕ್ಸ್ ಆಪರೇಷನ್ನಿಗಿಂತ ಮೇಲಿತ್ತು! ಅಗ್ಗ ಅಲ್ವಾ, ಅದಕ್ಕೆ. ಜನ ನಕ್ಕರು, ಬೈದರು, ಪಟ್ಟಿ ತಿದ್ದಿದ್ದಾಯಿತು, 1994ರಲ್ಲಿ ಜಾರಿಗೂ ಬಂತು. ಎಷ್ಟೇ ಎಡವಟ್ಟಾದರೂ ನನಗೆ ಅವರ ಒಂದು ವಿಷಯ ಹಿಡಿಸುತ್ತದೆ: ಪಟ್ಟಿಯಲ್ಲಿ ಇಲ್ಲಿವರೆಗೆ ದುಡ್ಡು ಕೊಡುತ್ತೇವೆ, ಇದರ ಕೆಳಗಿನದಕ್ಕಿಲ್ಲ ಅನ್ನುವ ಗೆರೆ ಎಲ್ಲಿ ಎಳೆದಿದ್ದಾರೆ ಅನ್ನುವುದು ಎಲ್ಲರಿಗೂ ಕಾಣುತ್ತಿತ್ತು. ಕಂಡಿದ್ದಕ್ಕೇ ಜಗಳ ಆಡೋಕಾಯಿತು.

ಮಿಕ್ಕ ಕಡೆ ಗೆರೆ ಇರುತ್ತದೆ, ಕಾಣುವುದಿಲ್ಲ. ಕ್ಯೂ ಉದ್ದವಾಗುತ್ತದೆ. ಮಾತ್ರೆ ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ. ನರ್ಸ್ ಹುದ್ದೆ ಖಾಲಿ. ಇದೂ ‘ಇಲ್ಲ’ ಅನ್ನುವುದೇ, ಯಾರೂ ಸಹಿ ಹಾಕದ ‘ಇಲ್ಲ’. ಪರಿಚಯ ಇರುವವರು, ಗಟ್ಟಿ ಬಾಯಿಯವರು ಹೇಗೋ ದಾಟಿಕೊಳ್ಳುತ್ತಾರೆ. ಚಿಕಿತ್ಸೆ ಹೆಚ್ಚು ಬೇಕಾದವರಿಗೇ ಅದು ಕಡಿಮೆ ಸಿಗುತ್ತದೆ ಅಂತ ಬ್ರಿಟನ್ನಿನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಬರೆದಿದ್ದರು.

ಸ್ಕ್ಯಾನಿಂಗ್ ಯಂತ್ರ ಬಂದರೆ ರಿಬ್ಬನ್ ಕತ್ತರಿಸಬಹುದು, ಫೋಟೋ ತೆಗೆಸಿಕೊಳ್ಳಬಹುದು. ಅದನ್ನು ನಡೆಸುವವರ ಸಂಬಳ, ರಿಪೇರಿ, ಕರೆಂಟು ವರ್ಷ ವರ್ಷ ಬೇಕು, ಅದು ಫೋಟೋದಲ್ಲಿ ಬರಲ್ಲ. ಬಿಪಿ ಮಾತ್ರೆ ತಪ್ಪದೆ ಸಿಕ್ಕಿದರೆ ಎಷ್ಟೋ ಜನರಿಗೆ ಲಕ್ವ ಹೊಡೆಯುವುದು ತಪ್ಪುತ್ತದೆ. ಲಕ್ವ ಹೊಡೆಯದವರದ್ದು ಏನು ಸುದ್ದಿ?

ಹಾಗಂತ ಬರೀ ಅಗ್ಗದ್ದನ್ನೇ ಆರಿಸಿ ಅಂತಲೂ ಅಲ್ಲ. ಥಾಯ್ಲೆಂಡ್ 2002ರಲ್ಲಿ ಎಲ್ಲರಿಗೂ ಚಿಕಿತ್ಸೆ ಯೋಜನೆ ತಂದಾಗ ದುಬಾರಿ ಅಂತ ಡಯಾಲಿಸಿಸ್ ಬಿಟ್ಟಿತ್ತು. 2008ರಲ್ಲಿ ಸೇರಿಸಿತು. ಲೆಕ್ಕಕ್ಕೆ ಹೊಂದುತ್ತಿರಲಿಲ್ಲ, ಆದರೆ ಕಿಡ್ನಿ ಹೋದ ಮನೆಗಳು ಸಾಲದಲ್ಲಿ ಮುಳುಗುತ್ತಿದ್ದವು. ಗೊತ್ತಿದ್ದೇ ಆರಿಸಿದರು. ಇದು ನನಗೆ ಒಪ್ಪಿಗೆ.

ನಮ್ಮ ಮನೆಯ ಮಗುವಿಗೇ ಆ ಕಸಿ ಬೇಕಾಗಿದ್ದರೆ ಹೀಗೆಲ್ಲ ತಣ್ಣಗೆ ಬರೆಯುತ್ತಿದ್ದೆನಾ? ಇಲ್ಲ. ಚಂದಾ ಡಬ್ಬಿ ಹಿಡಿದು ಬೀದಿಯಲ್ಲಿ ನಿಂತಿರುತ್ತಿದ್ದೆ, ಪಟ್ಟಿ ಮಾಡಿದವರಿಗೆ ಶಾಪ ಹಾಕುತ್ತಾ.