ಹಗ್ಗದ ಉದ್ದಕ್ಕೂ ಕಾನೂನಿದೆ, ಅಪ್ಪನ ಕೈಗೆ ಮಾತ್ರ ಇಲ್ಲ

ಹಾಸನ ಜಿಲ್ಲೆಯಲ್ಲಿ ಆನೆ ಹಿಡಿಯುವುದು ಸುಲಭದ ಕೆಲಸವಲ್ಲ. ಸಕಲೇಶಪುರ, ಆಲೂರು ಕಡೆಯ ತೋಟಕ್ಕೆ ನುಗ್ಗಿ, ಬಾಳೆ ತಿಂದು, ಕಾಫಿ ಗಿಡ ಮುರಿದು, ಮನುಷ್ಯರನ್ನೇ ತುಳಿದ ಆನೆಯಾದರೂ 1972ರ ವನ್ಯಜೀವಿ ಕಾಯ್ದೆಯಂತೆ ಮೇಲಿನವರ ಲಿಖಿತ ಆದೇಶ ಬೇಕು. ಅದರಲ್ಲಿ ಕಾರಣವೂ ಇರಬೇಕು. ಕೊಟ್ಟಿಗೆಯ ಹಸುವೂ ಅನಾಥವಲ್ಲ. ತೀರಾ ಗಿಡ್ಡ ಹಗ್ಗದಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಮೊದಲ ಸಲಕ್ಕೆ 50 ರೂಪಾಯಿವರೆಗೆ ದಂಡ. ಕಡಿಮೆಯೇ, ಆದರೂ ಇದೆ ಅಲ್ವಾ.

ಐಸಿಯುನಲ್ಲಿ ಮಲಗಿದ ಅಪ್ಪನ ಕೈ ಕಟ್ಟಲು, ಗಾಯಕ್ಕೆ ಸುತ್ತುವ ಗಾಜ್ ಬಟ್ಟೆ ಒಂದು ಸುತ್ತು ಸಾಕು.

"ಸಿಸ್ಟರ್, ನಮ್ಮಪ್ಪನ ಕೈ ಯಾಕೆ ಕಟ್ಟಿದೀರಾ?"

"ಪೈಪ್ ಕಿತ್ಕೊಂಡುಬಿಡ್ತಾರೆ ಅಣ್ಣ. ಅವರ ಸೇಫ್ಟಿಗೇ."

ಕೇಳಿದರೆ ನ್ಯಾಯವೇ. ಆದರೆ ವೆಂಟಿಲೇಟರ್ ಪೈಪನ್ನು ತಾವೇ ಕಿತ್ತುಕೊಂಡವರ ಬಗ್ಗೆ ನಡೆದ ಅಧ್ಯಯನಗಳಲ್ಲಿ ಒಂದು ತಮಾಷೆ ಮತ್ತೆ ಮತ್ತೆ ಕಾಣುತ್ತದೆ. ಅವರಲ್ಲಿ ಬಹಳ ಜನರ ಕೈ ಆಗ ಕಟ್ಟಿಯೇ ಇತ್ತು! ಕಟ್ಟು ಬಿಗಿಯಾದಷ್ಟೂ ಮನುಷ್ಯ ಒದ್ದಾಡುತ್ತಾನೆ. ಒದ್ದಾಡಿದರೆ ಇನ್ನೂ ಬಿಗಿ. ಮಣಿಕಟ್ಟು ಊದುತ್ತದೆ, ಚರ್ಮ ಕಿತ್ತು ಬರುತ್ತದೆ, ನರ ಒತ್ತಿ ಬೆರಳು ಜೋಮು ಹಿಡಿಯುತ್ತದೆ. ಮಗ್ಗಲು ಬದಲಿಸಲಾಗದೆ ಬೆನ್ನಲ್ಲಿ ಹುಣ್ಣಾಗುತ್ತದೆ.

ಇನ್ನು ತಲೆಯ ವಿಷಯ. ಡಿಲಿರಿಯಂ ಎಂಬ ಗೊಂದಲ ಐಸಿಯುನಲ್ಲಿ ಬಹಳ ಸಾಮಾನ್ಯ. ಅದನ್ನು ತಯಾರಿಸುವ ವಿಧಾನವೂ ನಮಗೆ ಚೆನ್ನಾಗಿ ಗೊತ್ತು. ಮೊದಲು ಅಪ್ಪನ ಕನ್ನಡಕ ತೆಗೆದು, ಕಿವಿಯ ಮೆಷಿನ್ ಬಿಚ್ಚಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಹೊರಗಿರುವ ಮಗನಿಗೆ ಕೊಡಿ. ರಾತ್ರಿಯೆಲ್ಲ ಲೈಟ್ ಉರಿಸಿ. ಅಲಾರಾಂ ಕೂಗಲಿ. ಗಂಟಲಲ್ಲಿ ಪೈಪ್, ಮಾತಿಲ್ಲ. ನೋವು ಎಷ್ಟಿದೆ ಎಂದು ಕೇಳಬೇಡಿ. ಬೆಳಗಾಯಿತೋ ಕತ್ತಲಾಯಿತೋ ಯಾರೂ ಹೇಳಬೇಡಿ. ಕೊನೆಗೆ ಎರಡೂ ಕೈ ಕಟ್ಟಿ. ಆಮೇಲೆ ಕೇಸ್ ಶೀಟಿನಲ್ಲಿ ಬರೆಯಿರಿ: ರೋಗಿ ಸಹಕರಿಸುತ್ತಿಲ್ಲ.

ಮನೆಗೆ ಬಂದ ಎಷ್ಟೋ ದಿನ, ಯಾರೋ ಹೊತ್ತೊಯ್ದು ಕಟ್ಟಿಹಾಕಿದ್ದರು ಎಂದು ಬೆಚ್ಚಿ ಏಳುವವರಿದ್ದಾರೆ. ಮನೆಯವರು "ಏನೋ ಅರಳುಮರಳು" ಎನ್ನುತ್ತಾರೆ. ಪಾಪ, ಬೆಚ್ಚಿ ಎದ್ದವರು ಹೇಳುತ್ತಿರುವುದರಲ್ಲಿ ಅರ್ಧ ನಿಜ.

ಕಾನೂನಿಗೆ ಇದು ಹೊಳೆದೇ ಇಲ್ಲ ಅಂತಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ: ಬೇರೆ ದಾರಿ ಇಲ್ಲದಾಗ ಮಾತ್ರ ಕಟ್ಟಬೇಕು, ಮನೋವೈದ್ಯರ ಒಪ್ಪಿಗೆ ಬೇಕು, ದಾಖಲೆಯಾಗಬೇಕು, ರೋಗಿಯ ಕಡೆಯವರಿಗೆ 24 ಗಂಟೆಯೊಳಗೆ ತಿಳಿಸಬೇಕು. ಸಿಬ್ಬಂದಿ ಕೊರತೆ ಎಂಬ ಒಂದೇ ನೆಪಕ್ಕೆ ಕಟ್ಟುವ ಹಾಗೇ ಇಲ್ಲ. ಎಂಥ ಒಳ್ಳೆಯ ಕಾಯ್ದೆ! ಆದರೆ ಅದು ಇರುವುದು ಮಾನಸಿಕ ಆಸ್ಪತ್ರೆಗಳಿಗೆ. ನ್ಯುಮೋನಿಯಾ ಆಗಿ ಬಂದವರು ದಯವಿಟ್ಟು ಇದರ ಮೇಲೆ ಕಣ್ಣು ಹಾಕಬಾರದು.

ಸಿಸ್ಟರನ್ನು ಬೈದು ಪ್ರಯೋಜನವಿಲ್ಲ. ವೆಂಟಿಲೇಟರಿನಲ್ಲಿರುವ ಒಬ್ಬರಿಗೆ ಒಬ್ಬ ನರ್ಸ್ ಎಂಬುದು ತಜ್ಞರ ಲೆಕ್ಕ. ರಾತ್ರಿ ಪಾಳಿಯಲ್ಲಿ ಒಬ್ಬರೇ ನಾಲ್ಕು ಹಾಸಿಗೆ ನೋಡಬೇಕಾದರೆ ಆ ಹುಡುಗಿ ಏನು ಮಾಡಬೇಕು? ಹೊಸ ಮೆಷಿನ್ ಬಂದರೆ ಟೇಪ್ ಕತ್ತರಿಸಲು ಗಣ್ಯರು ಓಡಿ ಬರುತ್ತಾರೆ. ಹೊಸ ನರ್ಸ್ ಬಂದರೆ ಕತ್ತರಿಸಲು ಟೇಪೇ ಇಲ್ಲವಲ್ಲ!

"ನಾನೇ ಪಕ್ಕದಲ್ಲಿ ಕೂತು ಕೈ ಹಿಡ್ಕೋತೀನಿ, ಕಟ್ಟು ಬಿಚ್ಚಿ" ಎಂದು ಮಗ ಕೇಳಬಹುದು. ಮನೆಯವರು ಜೊತೆಗಿದ್ದರೆ ಗೊಂದಲ ಕಡಿಮೆಯಾಗುತ್ತದೆ ಎಂದು ಡಾಕ್ಟರುಗಳೇ ಹೇಳುತ್ತಾರೆ. ಆದರೆ ಬಾಗಿಲಲ್ಲಿ ಸೆಕ್ಯುರಿಟಿ ಇದ್ದಾನೆ. ಹಾಸನಾಂಬೆ ವರ್ಷಕ್ಕೊಮ್ಮೆ ಬಾಗಿಲು ತೆಗೆದರೂ ದಿನಗಟ್ಟಲೆ ದರ್ಶನ ಕೊಡುತ್ತಾಳೆ. ಇಲ್ಲಿ ಹತ್ತು ನಿಮಿಷ, ಒಬ್ಬರೇ, ಪಾಸ್ ಇದ್ದರೆ ಮಾತ್ರ. ಗಾಜ್ ಬಟ್ಟೆಗೆ ಪಾಸ್ ಬೇಕಿಲ್ಲ. ಅದು ಇಡೀ ರಾತ್ರಿ ಅಪ್ಪನ ಕೈ ಹಿಡಿದಿರುತ್ತದೆ. ಡಿಸ್ಚಾರ್ಜ್ ದಿನ ಬಿಲ್ಲಿನಲ್ಲಿ ಅದರ ದುಡ್ಡೂ ಸೇರಿರುತ್ತದೆ.