ತಪ್ಪಿಸಿದ ದಿನದ ಸ್ಕ್ರೀನ್ ಮೊದಲು ಡಿಸೈನ್ ಮಾಡಿ

ಒಳ್ಳೆಯ ಅಭ್ಯಾಸ ರೂಢಿಸುವ ಆ್ಯಪ್‌ಗಳ ಲೋಗೋ ನೋಡಿ. ಒಂದೋ ಕಮಲ, ಇಲ್ಲ ಮೊಳಕೆ, ಇಲ್ಲ ಬೆಟ್ಟದ ತುದಿಗೆ ಸೂರ್ಯ. ಹಿಂದೆ ನೇರಳೆಯಿಂದ ಗುಲಾಬಿಗೆ ಜಾರುವ ಬಣ್ಣ. ಪ್ಲೇ ಸ್ಟೋರಿನಲ್ಲಿ ಸಾಲಾಗಿ ನಿಂತರೆ ಯಾವುದು ಯಾರದ್ದೋ ಗೊತ್ತಾಗಲ್ಲ. ಬ್ರ್ಯಾಂಡಿಂಗ್ ಅಂತ ತಿಂಗಳುಗಟ್ಟಲೆ ಅದನ್ನೇ ತಿದ್ದುವವರಿಗೆ ಹೇಳೋದು ಇಷ್ಟು: ಬಳಸುವವರು ಒಂದು ದಿನ ತಪ್ಪಿಸಿ ಮರುದಿನ ಆ್ಯಪ್ ತೆರೆದಾಗ ಏನು ಕಾಣಬೇಕು ಅನ್ನೋದನ್ನ ಎಲ್ಲಕ್ಕಿಂತ ಮೊದಲು ಡಿಸೈನ್ ಮಾಡಿ. ನಿಮ್ಮ ಆ್ಯಪಿನ ಗುಣ ಜನಕ್ಕೆ ಗೊತ್ತಾಗೋದು ಅಲ್ಲೇ.

ಈಗ ಸಾಮಾನ್ಯವಾಗಿ ಆಗೋದೇನು? ನಲವತ್ತು ದಿನ ಬಿಡದೆ ವಾಕಿಂಗ್ ಮಾಡಿದವರಿಗೆ ಒಂದು ದಿನ ಜ್ವರ. ಮರುದಿನ ತೆರೆದರೆ ನಲವತ್ತರ ಜಾಗದಲ್ಲಿ ಕೆಂಪು ಬಣ್ಣದ ದೊಡ್ಡ ಸೊನ್ನೆ, ಪಕ್ಕದಲ್ಲಿ ಆರಿಹೋದ ಬೆಂಕಿ. ಅಲ್ಲಿಗೆ ಅನ್‌ಇನ್‌ಸ್ಟಾಲ್. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನಲ್ಲಿದ್ದ ಸಂಶೋಧಕಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರ ಅಧ್ಯಯನದಲ್ಲಿ ಅಭ್ಯಾಸ ಕೂರಲು ಹಿಡಿದ ಕಾಲ 18ರಿಂದ 254 ದಿನ, ನಡುವಿನ ಅಂಕಿ 66. ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಿನ್ನಡೆಯೂ ಆಗಿರಲಿಲ್ಲ. ಹಾಗಿದ್ದ ಮೇಲೆ '21 ದಿನದ ಚಾಲೆಂಜ್' ಯಾಕೆ, ಸೊನ್ನೆ ಯಾಕೆ? 'ಈ ತಿಂಗಳು 30ರಲ್ಲಿ 26' ಅಂತ ತೋರಿಸಿ. ತಪ್ಪಿದ ದಿನಕ್ಕೆ ಕೆಂಪು ಇಂಟು ಬೇಡ, ಖಾಲಿ ವೃತ್ತ ಸಾಕು. ಮಾಡಿಯೂ ಟಿಕ್ ಹಾಕಲು ಮರೆತವರಿಗೆ ನಿನ್ನೆಯದನ್ನು ತುಂಬಲು ಬಿಡಿ. 'ನಿನ್ನೆ ಬಿಟ್ಟುಹೋಯ್ತು, ಇವತ್ತು ಐದು ನಿಮಿಷ ಮಾಡ್ತೀರಾ?' ಅಂತ ಒಂದು ಸಾಲು, ಕೆಳಗೆ ಒಂದೇ ಬಟನ್. ಚಂದಾ ಕಟ್ಟಿ ಅನ್ನೋ ಪಾಪ್‌ಅಪ್ಪನ್ನು ಆ ಹೊತ್ತಿಗೆ ತೋರಿಸೋದಂತೂ ನಾಚಿಕೆಗೇಡು.

ಇಲ್ಲೇ ಒಂದು ಕೋಡಿನ ತಪ್ಪೂ ನುಸುಳುತ್ತೆ. ದಿನಾಂಕವನ್ನು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಲೆಕ್ಕದಲ್ಲಿ ಉಳಿಸಿದರೆ ನಮ್ಮಲ್ಲಿ ದಿನ ಬದಲಾಗೋದು ಬೆಳಗ್ಗೆ 5:30ಕ್ಕೆ. ಐದಕ್ಕೆ ಎದ್ದು 5:30ರೊಳಗೆ ಯೋಗ ಮುಗಿಸಿದವರ ಟಿಕ್ ಹಿಂದಿನ ದಿನಕ್ಕೆ ಹೋಗಿ ಕೂರುತ್ತೆ. ಫೋನಿನ ಸ್ಥಳೀಯ ದಿನಾಂಕವನ್ನೇ ಉಳಿಸಿ. ನೈಟ್ ಶಿಫ್ಟ್‌ನವರಿಗೆ ದಿನ ಎಷ್ಟು ಗಂಟೆಗೆ ಮುಗಿಯಬೇಕು ಅಂತ ಆರಿಸಿಕೊಳ್ಳಲು ಸೆಟ್ಟಿಂಗ್ಸ್‌ನಲ್ಲಿ ಅವಕಾಶ ಕೊಡಿ.

ಬಣ್ಣಕ್ಕೆ ಬಂದರೆ, 'ಶಾಂತಿ' ಬೇಕು ಅಂತ ತಿಳಿ ಹಸಿರಿನ ಮೇಲೆ ಬಿಳಿ ಅಕ್ಷರ ಹಾಕ್ತಾರೆ. ಬಿಸಿಲಲ್ಲಿ ವಾಕಿಂಗ್ ಹೋದವರಿಗೆ ಏನೂ ಕಾಣಲ್ಲ. ಸಣ್ಣ ಅಕ್ಷರಕ್ಕೆ ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅಂತರ) ಕನಿಷ್ಠ 4.5:1 ಇರಲೇಬೇಕು. ಟಿಕ್ ಹಾಕುವ ಜಾಗ ಆಂಡ್ರಾಯ್ಡಿನಲ್ಲಿ 48 ಡಿಪಿಗಿಂತ (ಡಿಪಿ ಅಂದ್ರೆ ಸ್ಕ್ರೀನಿನ ಅಳತೆಗೆ ಆಂಡ್ರಾಯ್ಡ್ ಬಳಸುವ ಮಾನ) ಚಿಕ್ಕದಾಗೋದು ಬೇಡ. ಆ್ಯಪ್ ಐಕಾನಿನ ಚಿತ್ರ 108 ಡಿಪಿ ಇದ್ದರೂ ಕತ್ತರಿ ಬೀಳದೆ ಉಳಿಯೋದು ನಡುವಿನ 66 ಡಿಪಿ ಮಾತ್ರ. ಲೋಗೋದಲ್ಲಿ ಬೆಟ್ಟದ ತುದಿ ಹಾರಿಹೋಗೋದು ಇದಕ್ಕೇ.

ಕನ್ನಡದ ಸ್ಕ್ರೀನುಗಳ ಪಾಡು ಬೇರೆ. ಇಂಗ್ಲಿಷಿಗೆ ಅಳೆದ ಬಟನ್ನಿಗೆ ಕನ್ನಡ ತುಂಬಿದರೆ 'ಸ್ವಾಸ್ಥ್ಯ'ದ ಥ-ಒತ್ತು, ಯ-ಒತ್ತು ಎರಡೂ ಕೆಳಗೆ ಕತ್ತರಿಸಿ ಹೋಗ್ತವೆ. 16ರ ಅಳತೆಯ ಅಕ್ಷರಕ್ಕೆ ಸಾಲಿನ ಎತ್ತರ 25-26 ಇಟ್ಟು ನೋಡಿ. ಬಟನ್ನಿಗೆ ಎತ್ತರ ಗಟ್ಟಿ ಮಾಡದೆ ಕನಿಷ್ಠ ಎತ್ತರವಷ್ಟೇ ಕೊಡಿ. ಆಂಡ್ರಾಯ್ಡ್ 14ರಲ್ಲಿ ಅಕ್ಷರವನ್ನು 200% ತನಕ ದೊಡ್ಡದು ಮಾಡಬಹುದು, ಹಿರಿಯರು ಮಾಡಿಕೊಂಡೇ ಇರ್ತಾರೆ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ ಎರಡೂ ಫಾಂಟ್ ಉಚಿತ. ಅನೇಕ್‌ನಲ್ಲಿ ದಪ್ಪ, ಅಗಲ ಎರಡನ್ನೂ ಬೇಕಾದಂತೆ ಆರಿಸಬಹುದು, ಹಾಗಾಗಿ ಶೀರ್ಷಿಕೆಗೆ ನನಗೆ ಅದೇ ಇಷ್ಟ.

ಇನ್ನು ನೋಟಿಫಿಕೇಶನ್. ಆ್ಯಪ್ ತೆರೆದ ತಕ್ಷಣ ಅನುಮತಿ ಕೇಳಬೇಡಿ. ಐಫೋನ್ ಆ ಪ್ರಶ್ನೆಯನ್ನು ಒಂದೇ ಸಲ ತೋರಿಸೋದು. ಆಂಡ್ರಾಯ್ಡ್ 13ರಿಂದ ಈಚೆಗೆ ಎರಡು ಸಲ ಬೇಡ ಅಂದರೆ ಅದೂ ಮತ್ತೆ ಕೇಳಲ್ಲ. ಮೊದಲ ಟಿಕ್ ಬಿದ್ದ ಮೇಲೆ 'ನಾಳೆ ಎಷ್ಟು ಗಂಟೆಗೆ ನೆನಪಿಸಲಿ?' ಅಂತ ಕೇಳಿ, ಸಮಯ ಆರಿಸಿದ ನಂತರವೇ ಅನುಮತಿಯ ಪೆಟ್ಟಿಗೆ ತೆರೆಯಿರಿ.